ಇಲ್ಲದ ರಾಜನ ಬೋಳುತಲೆ

ಪ್ರಶ್ನೆ: ನಾನು ಎಂ.ಎ. ತತ್ವಶಾಸ್ತ್ರ ಓದುತ್ತಿದ್ದೇನೆ. ಈ ಸೆಮಿಸ್ಟರಿನಲ್ಲಿ ಅನಲಿಟಿಕ್ ಫಿಲಾಸಫಿ, ಅಂದರೆ ಮಾತು-ವಾಕ್ಯಗಳನ್ನು ಬಿಡಿಸಿ ನೋಡುವ ತತ್ವಶಾಸ್ತ್ರ, ಇದೆ. ಮೊದಲ ದಿನದಿಂದ ಒಂದೇ ವಾಕ್ಯ: ‘ಫ್ರಾನ್ಸಿನ ಈಗಿನ ರಾಜ ಬೋಳುತಲೆಯವನು.’ ಫ್ರಾನ್ಸಿಗೆ ರಾಜನೇ ಇಲ್ಲ. ಇಲ್ಲದವನ ತಲೆ ಬಗ್ಗೆ ನೂರು ವರ್ಷ ವಾದ ಮಾಡಿದ್ದಾರೆ. ದೇವರು, ಆತ್ಮ, ಬದುಕು ಎಲ್ಲ ಬಿಟ್ಟು ಇದೇನು ತತ್ವಶಾಸ್ತ್ರ ಸರ್?

ಉತ್ತರ: ‘ರಾಜನೇ ಇಲ್ಲ’ ಅಂತ ಬರೆದಿದ್ದೀರಲ್ಲ, ಅಲ್ಲಿಗೆ ಅರ್ಧ ದಾರಿ ಬಂದಾಯಿತು. ಬ್ರಿಟನ್ನಿನ ತತ್ವಜ್ಞಾನಿ ಬರ್ಟ್ರಂಡ್ ರಸೆಲ್ ಈ ವಾಕ್ಯವನ್ನು 1905ರಲ್ಲಿ ‘ಮೈಂಡ್’ ಎಂಬ ತತ್ವಶಾಸ್ತ್ರದ ಪತ್ರಿಕೆಯ ಲೇಖನವೊಂದರಲ್ಲಿ ಬಳಸಿದರು. ಆಗಲೂ ಫ್ರಾನ್ಸ್ ಗಣರಾಜ್ಯವೇ. ಲೇಖನ ಓದಿದ ಸಂಪಾದಕರಿಗೆ ಇದು ತೀರಾ ಅಸಂಬದ್ಧ ಅನಿಸಿ, ಇನ್ನೊಮ್ಮೆ ಯೋಚನೆ ಮಾಡಿ ಅಂತ ಕೇಳಿಕೊಂಡಿದ್ದರಂತೆ. ಹಾಗಾಗಿ ನಿಮ್ಮ ಅಸಮಾಧಾನ ನನಗೆ ಅರ್ಥವಾಗುತ್ತದೆ.

ತೊಡಕು ಇಲ್ಲಿದೆ. ಒಂದು ಮಾತು ನಿಜವಿರಬೇಕು, ಇಲ್ಲವೇ ಸುಳ್ಳಿರಬೇಕು. ಲೋಕದ ಬೋಳುತಲೆಯವರನ್ನೆಲ್ಲ ಒಂದು ಸಾಲಿನಲ್ಲಿ ನಿಲ್ಲಿಸಿ. ಅಲ್ಲಿ ಫ್ರಾನ್ಸಿನ ರಾಜ ಸಿಗುವುದಿಲ್ಲ. ಕೂದಲಿರುವವರನ್ನು ಇನ್ನೊಂದು ಸಾಲಿನಲ್ಲಿ ನಿಲ್ಲಿಸಿ. ಅಲ್ಲೂ ಸಿಗುವುದಿಲ್ಲ. ಹಾಗಾದರೆ ‘ಬೋಳು’ ಅನ್ನುವುದೂ ಸುಳ್ಳು, ‘ಬೋಳಲ್ಲ’ ಅನ್ನುವುದೂ ಸುಳ್ಳಾ? ಎರಡೂ ಸುಳ್ಳಾಗುವುದು ಹೇಗೆ?

ರಸೆಲ್ ಕೊಟ್ಟ ಉತ್ತರ: ವಾಕ್ಯದ ವ್ಯಾಕರಣ ನಮ್ಮ ದಾರಿ ತಪ್ಪಿಸುತ್ತಿದೆ. ‘ರಾಜ’ ಕರ್ತೃವಿನ ಜಾಗದಲ್ಲಿ ಕೂತಿರುವುದರಿಂದ ಮಾತು ಯಾರೋ ಒಬ್ಬನ ಬಗ್ಗೆ ಅನಿಸುತ್ತದೆ. ಬಿಡಿಸಿ ನೋಡಿದರೆ ಒಳಗೆ ಮೂರು ಮಾತುಗಳಿವೆ. ಫ್ರಾನ್ಸಿಗೆ ಈಗ ರಾಜ ಇದ್ದಾನೆ. ಒಬ್ಬನೇ ಇದ್ದಾನೆ. ಅವನ ತಲೆ ಬೋಳು. ಮೊದಲನೆಯದೇ ಸುಳ್ಳು, ಹಾಗಾಗಿ ಇಡೀ ವಾಕ್ಯ ಸುಳ್ಳು. ಇನ್ನು ‘ಬೋಳಲ್ಲ’ ಅಂದಾಗ ಎರಡು ಅರ್ಥ ಬರುತ್ತದೆ. ರಾಜ ಇದ್ದಾನೆ, ಬೋಳಲ್ಲ ಅಂತ ಒಂದು, ಅದು ಸುಳ್ಳು. ಅಂಥ ಬೋಳು ರಾಜನೇ ಇಲ್ಲ ಅಂತ ಇನ್ನೊಂದು, ಅದು ನಿಜ. ಗಂಟು ಬಿಚ್ಚಿತು ನೋಡಿ.

ಕನ್ನಡದವರಿಗೆ ಇದು ಬೇಗ ಹಿಡಿಯುತ್ತದೆ. ನಮಗೆ ‘ಅಲ್ಲ’ ಬೇರೆ, ‘ಇಲ್ಲ’ ಬೇರೆ. ಒಮ್ಮೆ ತರಗತಿಯಲ್ಲಿ ‘ಫ್ರಾನ್ಸಿನ ರಾಜ ಬೋಳಲ್ಲ’ ಅಂತ ಬೋರ್ಡಿನ ಮೇಲೆ ಬರೆದು, ಸರಿಯಾ ಅಂತ ಕೇಳಿದೆ. ಹಿಂದಿನ ಬೆಂಚಿನ ಹುಡುಗಿ ತಟ್ಟನೆ ‘ಅಲ್ಲ ಅಲ್ಲ ಸರ್, ಇಲ್ಲ’ ಅಂದಳು. ಅವಳ ಮಾತನ್ನೇ ಬೋರ್ಡಿನ ಮೇಲೆ ಬರೆದು ಕೆಳಗೆ ಗೆರೆ ಎಳೆದೆ. ಅವತ್ತು ನಾನು ಒಂದು ಗಂಟೆ ಹೇಳಬೇಕಿದ್ದದ್ದು ಅದರಲ್ಲೇ ಇತ್ತು.

ಇದು ಸುಮ್ನೆ ಮಾತಿನ ಆಟ ಅಲ್ಲ. ‘ಚಿನ್ನದ ಬೆಟ್ಟ ಇಲ್ಲ’ ಅನ್ನುತ್ತೇವೆ. ಯಾವುದು ಇಲ್ಲ? ‘ಚಿನ್ನದ ಬೆಟ್ಟ’ ಅಂದರೆ, ಹೆಸರು ಹಿಡಿದು ಹೇಳಲು ಅದು ಹೇಗೋ ಇರಲೇಬೇಕಲ್ಲ? ಆಸ್ಟ್ರಿಯಾದ ತತ್ವಜ್ಞಾನಿ ಮೈನಾಂಗ್ ಇದನ್ನು ಗಟ್ಟಿಯಾಗಿ ಹಿಡಿದರು: ಇಲ್ಲದ ವಸ್ತುಗಳೂ ಒಂದು ಬಗೆಯ ವಸ್ತುಗಳೇ. ರಸೆಲ್ ವಾಕ್ಯವನ್ನು ಬಿಡಿಸಿ, ಆ ಬೆಟ್ಟ ಬೇಕಾಗಿಯೇ ಇಲ್ಲ ಅಂತ ತೋರಿಸಿದರು. ನಮ್ಮ ನೈಯಾಯಿಕರು, ಅಂದರೆ ನ್ಯಾಯ ದರ್ಶನದ ತರ್ಕಪಂಡಿತರು, ಮೊಲದ ಕೊಂಬಿನ ವಿಷಯದಲ್ಲಿ ಇದಕ್ಕೆ ಹತ್ತಿರದ ಕೆಲಸವನ್ನೇ ಮಾಡಿದ್ದರು. ‘ಮೊಲದ ಕೊಂಬು ಇಲ್ಲ’ ಅಂದರೆ ಅಂಥದ್ದೊಂದು ವಿಚಿತ್ರ ವಸ್ತುವಿನ ಬಗ್ಗೆ ಮಾತಲ್ಲ, ‘ಮೊಲಕ್ಕೆ ಕೊಂಬಿಲ್ಲ’ ಅಂತ ಅಷ್ಟೇ. ಆಕ್ಸ್‌ಫರ್ಡಿನಲ್ಲಿ ಪ್ರಾಧ್ಯಾಪಕರಾಗಿದ್ದ ಬಿಮಲ್ ಕೃಷ್ಣ ಮತಿಲಾಲ್ ಈ ಎರಡನ್ನೂ ಅಕ್ಕಪಕ್ಕ ಇಟ್ಟು ಬರೆದಿದ್ದಾರೆ. ಸಿಕ್ಕರೆ ಬಿಡಬೇಡಿ.

ದೇವರ ಮಾತು ಕೇಳಿದಿರಿ. ಅದಕ್ಕೂ ಇದೇ ದಾರಿಯಲ್ಲಿ ಬರಬಹುದು. 1950ರಲ್ಲಿ ಬ್ರಿಟನ್ನಿನ ಇನ್ನೊಬ್ಬ ತತ್ವಜ್ಞಾನಿ ಪಿ.ಎಫ್. ಸ್ಟ್ರಾಸನ್ ‘ಮೈಂಡ್’ ಪತ್ರಿಕೆಯಲ್ಲೇ ರಸೆಲ್ ಹೇಳಿದ್ದನ್ನು ಒಪ್ಪದೆ ಬರೆದರು. ಅವರ ವಾದ ನಮ್ಮ ಮನೆಗಳಲ್ಲೇ ಕಾಣುತ್ತದೆ. ಮದುವೆ ಮನೆಯಲ್ಲಿ ಯಾರೋ ನಿಮ್ಮನ್ನು ‘ಮಗಳು ಈಗ ಯಾವ ಕ್ಲಾಸು?’ ಅಂತ ಕೇಳುತ್ತಾರೆ. ನಿಮಗೆ ಮಗಳಿಲ್ಲ. ಅವರೇ ‘ನಿಮ್ಮ ಮಗಳು ತುಂಬಾ ಚುರುಕು’ ಅಂದರೆ ನೀವು ‘ಸುಳ್ಳು’ ಅನ್ನುತ್ತೀರಾ? ಇಲ್ಲ. ‘ನನಗೆ ಮಗಳಿಲ್ಲ’ ಅನ್ನುತ್ತೀರಿ. ನಿಜವೋ ಸುಳ್ಳೋ ಅನ್ನುವ ಪ್ರಶ್ನೆಯೇ ಅಲ್ಲಿ ಏಳುವುದಿಲ್ಲ ಅಂತ ಸ್ಟ್ರಾಸನ್ ಹೇಳಿದ್ದು.

ರಸೆಲ್ 1957ರಲ್ಲಿ, 85ರ ವಯಸ್ಸಿನಲ್ಲಿ, ಉತ್ತರ ಬರೆದರು. ಅವರು ಕೊಟ್ಟ ಉದಾಹರಣೆ ಇದು: ‘ಜಗತ್ತನ್ನು ಆಳುವವನು ಜ್ಞಾನಿ’ ಎಂಬ ಮಾತನ್ನು ಸುಳ್ಳು ಅಂತ ತಿಳಿಯುವವರಿಗೆ ಸರ್ಕಾರಿ ಹುದ್ದೆ ಇಲ್ಲ ಅಂತ ಒಂದು ದೇಶದಲ್ಲಿ ಕಾನೂನು ಇದೆ ಅಂದುಕೊಳ್ಳಿ. ಒಬ್ಬ ನಾಸ್ತಿಕ ‘ನಾನು ಅದನ್ನು ಸುಳ್ಳು ಅನ್ನುತ್ತಿಲ್ಲ, ಆ ಪ್ರಶ್ನೆಯೇ ಏಳುವುದಿಲ್ಲ’ ಅಂತ ಹೇಳಿ ಹುದ್ದೆ ಹಿಡಿದರೆ, ಇವನು ಜಾರಿಕೊಳ್ಳುವವನು ಅಂತ ಜನ ಅನ್ನುವುದಿಲ್ಲವೇ? ಮಾತುಕತೆಗೆ ಸ್ಟ್ರಾಸನ್ ಸರಿ, ಆದರೆ ಸಹಿ ಹಾಕುವ ಕಾಗದಕ್ಕೆ ರಸೆಲ್ ಬೇಕು ಎಂಬುದು ನನ್ನ ಅಭಿಪ್ರಾಯ.

ಪ್ರಶ್ನೆ: ರಸೆಲ್ ಅವರ ವಾದ ಇಂಗ್ಲಿಷಿನ ‘ದ’ (the) ಎಂಬ ಪದದ ಮೇಲೆ ನಿಂತಿದೆ ಅಂತ ಕೇಳಿದ್ದೇನೆ. ಕನ್ನಡದಲ್ಲಿ ಅಂಥ ಪದವೇ ಇಲ್ಲವಲ್ಲ. ನಮಗೆ ಅದು ಅನ್ವಯಿಸುತ್ತದಾ?

ಉತ್ತರ: ಆ ಪುಟ್ಟ ಪದದ ಮೇಲೆ ಅವರಿಗೆ ಎಷ್ಟು ಆಸ್ಥೆ ಅಂದರೆ, ಯುದ್ಧದ ವಿರುದ್ಧ ಬರೆದದ್ದಕ್ಕೆ 1918ರಲ್ಲಿ ಬ್ರಿಕ್ಸ್‌ಟನ್ ಜೈಲಿಗೆ ಹೋದಾಗ ಅಲ್ಲಿ ಬರೆದ ಪುಸ್ತಕದಲ್ಲಿ ಎರಡು ಅಧ್ಯಾಯ ಅದಕ್ಕೇ ಇಟ್ಟರು. ಏಕವಚನಕ್ಕೆ ಒಂದು, ಬಹುವಚನಕ್ಕೆ ಇನ್ನೊಂದು.

ಕನ್ನಡದಲ್ಲಿ ಪದ ಇಲ್ಲ, ಕೆಲಸ ಇದೆ. ‘ಅಂಗಳದಲ್ಲಿ ಹಸು ಇದೆ’ ಅಂದರೆ ಯಾವುದೋ ಹಸು. ‘ಹಸು ಅಂಗಳದಲ್ಲಿದೆ’ ಅಂದರೆ ನಾವು ಹುಡುಕುತ್ತಿದ್ದ ಹಸು. ಪದ ಅದೇ, ಜಾಗ ಬದಲಾಯಿತು ಅಷ್ಟೇ. ಎರಡನೆಯದರಲ್ಲಿ ಹಸು ಇದೆ ಎಂಬುದನ್ನು ಮೊದಲೇ ಒಪ್ಪಿಕೊಂಡು ಮಾತಾಡುತ್ತೇವೆ.

ಆದರೆ ‘ಒಬ್ಬನೇ’ ಎಂಬುದನ್ನು ಹಿಡಿಯುವುದು ನಮಗೆ ಕಷ್ಟ. ‘ಜಮೀನಿನ ಮಾಲೀಕರು ಸಹಿ ಹಾಕಿದ್ದಾರೆ’ ಅಂತ ಒಂದು ಕಾಗದದಲ್ಲಿದೆ ಅನ್ನಿ. ಪಹಣಿಯಲ್ಲಿ ಮೂರು ಹೆಸರಿವೆ. ಸಹಿ ಹಾಕಿದ್ದು ಮೂವರೂನಾ, ಅಥವಾ ಗೌರವದಿಂದ ಬಹುವಚನದಲ್ಲಿ ಕರೆಸಿಕೊಂಡ ಒಬ್ಬರಾ? ಇಂಗ್ಲಿಷಿನಲ್ಲಾದರೆ ‘ದ’ ಜೊತೆ ಏಕವಚನ ಬಂದರೆ ಒಬ್ಬರೇ ಅಂತ ಗೊತ್ತಾಗುತ್ತದೆ. ರಸೆಲ್ ಬಿಡಿಸಿ ತೋರಿಸಿದ ಆ ಎರಡನೇ ಮಾತು ನಮ್ಮಲ್ಲಿ ‘ಮಾಲೀಕರು’ ಪದದ ಕೊನೆಯ ‘ರು’ ಒಳಗೆ ಅಡಗಿ ಕೂತಿದೆ.