‘ಹೊಸ ಮನುಷ್ಯ’ ಕಳಿಸಿದವರಿಗೆ

ನಮಸ್ಕಾರ. ನಿಮ್ಮ ‘ಹೊಸ ಮನುಷ್ಯ’ ಲೇಖನ ಓದಿದೆ. ಈಗಿರುವ ಹಾಗೆ ಇದನ್ನು ಪತ್ರಿಕೆಗೆ ಹಾಕಲಾರೆ. ಹಾಗಂತ ಸುಮ್ನೆ ವಾಪಸ್ ಕಳಿಸಲೂ ಮನಸ್ಸು ಬರುತ್ತಿಲ್ಲ. ಒಳಗೆ ಒಂದು ಒಳ್ಳೆಯ ಬರಹ ಅಡಗಿ ಕೂತಿದೆ, ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ. ಈ ಉತ್ತರವನ್ನು ಬೇರೆ ಹೊಸ ಬರಹಗಾರರೂ ಓದುತ್ತಾರೆ. ಅವರಿಗಾಗಿ ನಿಮ್ಮ ಲೇಖನದ ಸಾರ ಹೇಳಿಬಿಡುತ್ತೇನೆ. ನೀವು ನಮ್ಮ ಬಳ್ಳಾರಿಯ ಕೌಲ್ ಬಜಾರಿನಲ್ಲಿ ಸಣ್ಣದೊಂದು ಜೀನ್ಸ್ ಹೊಲಿಗೆ ಯೂನಿಟ್ ನಡೆಸುವವರು. ಕುಡಿತ, ಸಾಲ, ಮನೆಯಲ್ಲಿ ಸಿಟ್ಟು. ಒಂದು ದಿನ ಗೆಳೆಯರು ಉಪವಾಸ ಪ್ರಾರ್ಥನೆಗೆ ಕರೆದೊಯ್ದರು. ಅಲ್ಲಿ ರಾತ್ರಿಯೆಲ್ಲ ಅತ್ತಿರಿ. ಬೆಳಗಾಗುವಷ್ಟರಲ್ಲಿ ಹೊಸ ಮನುಷ್ಯರಾದಿರಿ.

ಮೊದಲ ಎರಡು ಪುಟ ಹೊಡೆದುಹಾಕಿ. ಲಂಡನ್ ಮಿಷನ್ ಎಂಬ ಕ್ರೈಸ್ತ ಸಂಸ್ಥೆಯ ಜಾನ್ ಹ್ಯಾಂಡ್ಸ್ 1810ರಲ್ಲಿ ಬಳ್ಳಾರಿಗೆ ಬಂದದ್ದು, ವಿಲಿಯಂ ರೀವ್ ಜೊತೆ ಸೇರಿ ಬೈಬಲ್ಲನ್ನು ಕನ್ನಡಕ್ಕೆ ತಂದದ್ದು, ಎಲ್ಲ ನಿಜ. ನಮ್ಮೂರಿಗೆ ಹೆಮ್ಮೆಯ ವಿಷಯವೂ ಹೌದು. ಆದರೆ ಅದು ಬೇರೆ ಲೇಖನ. ಇನ್ನೊಂದು ಮಾತು. ಆ ಕೆಲಸಕ್ಕೆ ಸುಮಾರು 20 ವರ್ಷ ಹಿಡಿಯಿತು ಅಂತ ನೀವೇ ಬರೆದಿದ್ದೀರಿ. ನಾಲ್ಕು ಪುಟ ದಾಟುವಷ್ಟರಲ್ಲಿ ನೀವು ಮಾತ್ರ ಒಂದೇ ರಾತ್ರಿಯಲ್ಲಿ ಪೂರ್ತಿ ಬದಲಾಗಿಬಿಡುತ್ತೀರಿ!

ಆ ರಾತ್ರಿಯ ಬಗ್ಗೆ ನನಗೆ ಅನುಮಾನವಿಲ್ಲ. ಅದು ನಿಮ್ಮದು, ಅದನ್ನು ಪ್ರಶ್ನಿಸುವುದಕ್ಕೆ ನಾನ್ಯಾರು. ನನ್ನ ತಕರಾರು ಅದರ ಮುಂದಿನ ಸಾಲಿನ ಬಗ್ಗೆ: ‘ಅಂದಿನಿಂದ ಇಂದಿನವರೆಗೆ ನನಗೆ ಸಿಟ್ಟೇ ಬಂದಿಲ್ಲ.’ ನಿಮ್ಮ ಹೆಂಡತಿಗೆ ಇದನ್ನು ಓದಿ ಹೇಳಿದಿರಾ? ಇಲ್ಲವಾದರೆ ಓದಿ ಹೇಳಿ. ಅವರು ನಕ್ಕರೆ ಆ ಸಾಲು ತೆಗೆದು, ಅವರು ನಕ್ಕಿದ್ದನ್ನು ಬರೆಯಿರಿ.

ನೀವು ನಂಬುವ ಬೈಬಲ್ಲೇ ಇಷ್ಟು ನಯವಾಗಿ ಕಥೆ ಹೇಳುವುದಿಲ್ಲ ಅಲ್ವಾ? ಯೇಸುವಿನ ಶಿಷ್ಯ ಪೇತ್ರನನ್ನು ನೋಡಿ. ಯೇಸುವನ್ನು ಅರಿಯೆ ಅಂತ ಮೂರು ಸಲ ಹೇಳಿದ, ಆಮೇಲೆ ಬಿಕ್ಕಿಬಿಕ್ಕಿ ಅತ್ತ, ಕ್ರೈಸ್ತರ ಸಭೆಗೆ ಹಿರಿಯನಾದ. ಅಷ್ಟೆಲ್ಲ ಆದ ಮೇಲೂ ಅಂತಿಯೋಕ್ಯದಲ್ಲಿ ಜಾರಿದ. ಯೆಹೂದ್ಯರಲ್ಲದವರ ಜೊತೆ ಕೂತು ಉಣ್ಣುತ್ತಿದ್ದವನು, ತನ್ನ ಕಡೆಯ ಜನ ಬಂದ ಕೂಡಲೇ ಎದ್ದು ದೂರ ಸರಿದ. ಯೇಸುವಿನ ಸುದ್ದಿ ಸಾರುತ್ತಿದ್ದ ಪೌಲ ಎಲ್ಲರೆದುರೇ ಅವನಿಗೆ ತಪ್ಪು ಎತ್ತಿ ಹೇಳಿದ. ಗಲಾತ್ಯದವರಿಗೆ ಬರೆದ ಪತ್ರದ ಎರಡನೇ ಅಧ್ಯಾಯದಲ್ಲೇ ಇದೆ, ಯಾರೂ ಮುಚ್ಚಿಟ್ಟಿಲ್ಲ. ಆಮೇಲಿನ ಕಾಲದ ಕ್ರೈಸ್ತ ಗುರು ಆಗಸ್ಟೀನನ ಮನಸ್ಸು ತಿರುಗಿದ್ದು 386ರಲ್ಲಿ, ಮಿಲಾನಿನ ಒಂದು ತೋಟದಲ್ಲಿ. ಹತ್ತು ವರ್ಷ ದಾಟಿದ ಮೇಲೆ, ಬಿಷಪ್ ಆಗಿದ್ದಾಗ, ರುಚಿಯ ಆಸೆ, ಹೊಗಳಿಕೆಯ ಆಸೆ ಇನ್ನೂ ಕಾಡುತ್ತಿವೆ ಅಂತ ಬರೆದುಕೊಂಡ. ಹೊಗಳಿಕೆಯ ವಿಷಯವನ್ನು ನೀವೂ ಯೋಚಿಸಬಹುದು. ಸಭೆಯಲ್ಲಿ ಸಾಕ್ಷಿ ಹೇಳಿದಾಗ, ಅಂದರೆ ನೀವು ಬದಲಾದ ಕಥೆ ಹೇಳಿದಾಗ, ಜನ ಸ್ತೋತ್ರ ಅಂತಾರೆ, ಕೈ ಹಿಡಿದು ಅಳುತ್ತಾರೆ. ಮುಂದಿನ ಸಲ ಹೇಳುವಾಗ ಹಳೆಯ ಕುಡಿತ ಸ್ವಲ್ಪ ಜಾಸ್ತಿಯಾಗುತ್ತದೆ, ಹೊಸ ಶಾಂತಿಯೂ ಸ್ವಲ್ಪ ಜಾಸ್ತಿಯಾಗುತ್ತದೆ. ನಿಮ್ಮ ಬರಹದಲ್ಲಿ ಆ ವಾಸನೆ ಇದೆ.

ಈಗ ಆರನೇ ಪುಟಕ್ಕೆ ಬರೋಣ. ಅಲ್ಲಿ ನೀವು ಗಮನಿಸದೇ ದಾಟಿಹೋದ ಒಂದು ವಾಕ್ಯವಿದೆ: ‘ಹೊಲಿಗೆ ಸರಿಯಿಲ್ಲ ಎಂದು ನೆಪ ಹೇಳಿ ಹಿಡಿದಿದ್ದ ಕೂಲಿಯನ್ನು ಕೆಲವರಿಗೆ ವಾಪಸ್ ಕೊಟ್ಟೆ.’ ಅಷ್ಟೇ! ಅದಾದ ಮೇಲೆ ಮತ್ತೆ ಅರ್ಧ ಪುಟ ಕಣ್ಣೀರು.

ಸ್ವಾಮಿ, ನಿಮ್ಮ ಲೇಖನ ಇರುವುದೇ ಈ ವಾಕ್ಯದಲ್ಲಿ. ಎಷ್ಟು ಜನಕ್ಕೆ ಕೊಟ್ಟಿರಿ? ಪೀಸ್ ಲೆಕ್ಕದ ಕೂಲಿಯಲ್ಲಿ ಯಾರದ್ದು ಎಷ್ಟು ಹಿಡಿದಿರಿ ಅಂತ ಹೇಗೆ ಪತ್ತೆ ಹಚ್ಚಿದಿರಿ, ಹಳೆಯ ಪುಸ್ತಕ ಇತ್ತಾ, ನೆನಪಿನಿಂದಲಾ? ಮನೆಯಲ್ಲೇ ಕೂತು ದಾರ ಕತ್ತರಿಸಿಕೊಡುವ ಹೆಂಗಸರೂ ಆ ಲೆಕ್ಕದಲ್ಲಿದ್ದರಾ? ಕೆಲಸ ಬಿಟ್ಟು ಬೆಂಗಳೂರಿಗೆ ಹೋದವರನ್ನು ಹುಡುಕಿದಿರಾ? ದುಡ್ಡು ಎಲ್ಲಿಂದ ತಂದಿರಿ, ಸಾಲ ಇತ್ತಲ್ಲ? ಯಾರಾದರೂ ಮುಖದ ಮೇಲೆ ಬೈದರಾ? ‘ಕೆಲವರಿಗೆ’ ಅಂದರೆ ಉಳಿದವರಿಗೆ ಯಾಕಿಲ್ಲ? ಕೊನೆಯ ಪ್ರಶ್ನೆಗೆ ಉತ್ತರ ಬರೆಯುವುದು ಕಷ್ಟ, ಗೊತ್ತು. ಆದರೂ ಬರೆಯಿರಿ. ಅವರ ಹೆಸರು ಮಾತ್ರ ಬೇಡ.

ಬೈಬಲ್ಲಿನಲ್ಲಿ ಲೂಕ ಬರೆದ ಸುವಾರ್ತೆಯ 19ನೇ ಅಧ್ಯಾಯದ ಜಕ್ಕಾಯ ನಿಮಗೆ ಗೊತ್ತಿರುವವನೇ. ಯೆರಿಕೋ ಊರಿನ ಸುಂಕದವರ ಮುಖ್ಯಸ್ಥ, ಮರ ಹತ್ತಿದವನು. ಅವನು ಅತ್ತ ಅಂತ ಅಲ್ಲಿ ಎಲ್ಲೂ ಇಲ್ಲ. ಸಂತೋಷಪಟ್ಟ ಅಂತ ಮಾತ್ರ ಇದೆ. ಆಮೇಲೆ ನೇರ ಲೆಕ್ಕ: ಆಸ್ತಿಯಲ್ಲಿ ಅರ್ಧ ಬಡವರಿಗೆ, ಮೋಸದಿಂದ ಕಿತ್ತುಕೊಂಡಿದ್ದಕ್ಕೆ ನಾಲ್ಕರಷ್ಟು. ಅವನ ಮನಸ್ಸಿನೊಳಗೆ ಏನಾಯಿತು ಅಂತ ಲೂಕ ಹೇಳುವುದೇ ಇಲ್ಲ, ಆದರೂ ನಮಗೆ ತಿಳಿಯುತ್ತದೆ. ನೀವು ಲೆಕ್ಕ ಬಿಟ್ಟು ಮನಸ್ಸನ್ನೇ ಹೇಳುತ್ತಾ ಹೋಗಿದ್ದೀರಿ. ಹಾಗಾಗಿ ಯಾವುದೂ ಕಣ್ಣಿಗೆ ಕಾಣಿಸುವುದಿಲ್ಲ.

ಇನ್ನೊಂದು ನೇರ ಮಾತು, ಬೇಜಾರಾಗಬೇಡಿ. ನಿಮ್ಮ ಅವ್ವನ ದೇವರ ಮನೆಯನ್ನು ‘ಕತ್ತಲೆ’ ಅಂದಿದ್ದೀರಿ. ನಿಮ್ಮ ಕುಡಿತಕ್ಕೂ ಅದಕ್ಕೂ ಏನು ಸಂಬಂಧ? ನೀವು ಕುಡಿದು ಬಂದ ರಾತ್ರಿಗಳಲ್ಲಿ ರೊಟ್ಟಿ ಮುಚ್ಚಿಟ್ಟು ಕಾಯುತ್ತಿದ್ದವಳು ಅದೇ ಅವ್ವ ಅಂತ ನೀವೇ ಬರೆದಿದ್ದೀರಿ. ನಮ್ಮ ಓದುಗರಲ್ಲಿ ಕ್ರೈಸ್ತರಲ್ಲದವರೇ ಜಾಸ್ತಿ. ಅವರಿಗೂ ನಿಮ್ಮ ಕಥೆ ಬೇಕು, ಆದರೆ ಈ ಸಾಲು ಬಂದ ಕೂಡಲೇ ಪುಟ ಮಗುಚುತ್ತಾರೆ. ಅವರನ್ನು ಬಿಡಿ, ಅವ್ವನಿಗೇ ಇದು ಅನ್ಯಾಯ.

ಭಾಷೆ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಯೂನಿಟ್ಟಿನ ಬಗ್ಗೆ ಬರೆಯುವಾಗ ನಿಮ್ಮ ಕನ್ನಡ ಸಲೀಸಾಗಿ ಹರಿಯುತ್ತದೆ. ನಂಬಿಕೆಯ ಮಾತು ಬಂದ ತಕ್ಷಣ ಪಾಸ್ಟರ್ ಮಾತಾಡಿದ ಹಾಗೆ ಕೇಳುತ್ತದೆ. ಬೈಬಲ್ ವಚನಗಳನ್ನು ಕಡಿಮೆ ಮಾಡಿ, ಒಂದು ಸಾಕು, ನಿಮ್ಮನ್ನು ನಿಜವಾಗಿ ಹಿಡಿದು ನಿಲ್ಲಿಸಿದ್ದು ಯಾವುದೋ ಅದು.

ತಿದ್ದಿ ಕಳಿಸುವುದಾದರೆ ಶನಿವಾರದ ಬಟವಾಡೆಯಿಂದ ಶುರು ಮಾಡಿ, ಕೂಲಿ ಹಿಡಿದ ಒಂದು ಶನಿವಾರದಿಂದ. ಪ್ರಾರ್ಥನೆಯ ರಾತ್ರಿ ಮಧ್ಯದಲ್ಲಿ ಬರಲಿ, ಒಂದು ಪುಟಕ್ಕಿಂತ ಜಾಸ್ತಿ ಬೇಡ. ಒಟ್ಟು 1,200 ಪದ ಮೀರದಿರಲಿ. ಟೈಪ್ ಮಾಡಿಸಲು ದುಡ್ಡು ಖರ್ಚು ಮಾಡಬೇಡಿ, ನಿಮ್ಮ ಕೈಬರಹ ಚೆನ್ನಾಗಿಯೇ ಇದೆ.