ಇಂಡೀ ರಾಕ್ ಆಲ್ಬಮ್‌ಗಳಲ್ಲಿ ಹಿಂದುಗಡೆ ‘ಸ್ಸ್’ ಅಂತ ಕೇಳಿಸುವುದು ಯಾಕೆ?

ನಿಮ್ಮ ಇಯರ್‌ಫೋನ್ ಕೆಟ್ಟಿಲ್ಲ, ಅದು ಕ್ಯಾಸೆಟ್ ಟೇಪಿನ ಸದ್ದು. ಇಂಡೀ ಅಂದರೆ ದೊಡ್ಡ ಕಂಪನಿಗಳ ಹಂಗಿಲ್ಲದೆ ಆಲ್ಬಮ್ ತರುವ ಬ್ಯಾಂಡ್‌ಗಳು. 1980–90ರ ದಶಕಗಳಲ್ಲಿ ಸ್ಟುಡಿಯೋ ಬಾಡಿಗೆಗೆ ದುಡ್ಡಿಲ್ಲದ ಎಷ್ಟೋ ಮಂದಿ ಮನೆಯಲ್ಲೇ ಫೋರ್-ಟ್ರ್ಯಾಕ್ ರೆಕಾರ್ಡರ್ ಇಟ್ಟುಕೊಂಡು ಹಾಡಿದರು.

ಅದರಲ್ಲಿ ಕ್ಯಾಸೆಟ್ಟಿನ ಟೇಪನ್ನು ನಾಲ್ಕು ಪಟ್ಟಿಗಳಾಗಿ ಬಳಸುತ್ತಾರೆ. ಗಿಟಾರ್, ಬೇಸ್, ಡ್ರಮ್ಸ್‌ಗೆ ಮೂರು ಹೋದರೆ ಹಾಡಿಗೂ ಕೋರಸ್‌ಗೂ ಜಾಗ ಎಲ್ಲಿ? ಹಾಗಾಗಿ ಆ ಮೂರನ್ನೂ ಬೆರೆಸಿ ನಾಲ್ಕನೆಯದಕ್ಕೆ ಇಳಿಸುತ್ತಿದ್ದರು. ಮೂರು ಪಟ್ಟಿ ಖಾಲಿಯಾಗುತ್ತವೆ ನಿಜ, ಆದರೆ ಅವುಗಳ ‘ಸ್ಸ್’ ಕೂಡ ಜತೆಗೇ ಇಳಿದು, ಹೊಸ ಪಟ್ಟಿಯದೂ ಸೇರಿಕೊಳ್ಳುತ್ತದೆ. ಪ್ರತಿ ಸಲ ಹೀಗೆ ಇಳಿಸಿದಾಗಲೂ ಸದ್ದು ಹೆಚ್ಚುತ್ತದೆ.

ಅಮೆರಿಕದ ಒಹಾಯೋದ ಗೈಡೆಡ್ ಬೈ ವಾಯ್ಸಸ್ ಬ್ಯಾಂಡಿನ ‘ಬೀ ಥೌಸಂಡ್’ (1994) ಕೇಳಿ, ನನ್ನ ಪ್ರಾಣದಂಥ ಆಲ್ಬಮ್. ಕುಕ್ಕರಹಳ್ಳಿ ಕೆರೆ ಏರಿ ಮೇಲೆ ನಡೆಯುತ್ತಾ ಬೇಡ, ಗಾಳಿಗೆ ಆ ಸದ್ದು ಕಳೆದುಹೋಗುತ್ತದೆ. ನಾನು ಸರಸ್ವತಿಪುರಂನ ರೂಮಿನಲ್ಲಿ ರಾತ್ರಿ ಫ್ಯಾನ್ ಆರಿಸಿ ಕೂರುತ್ತೇನೆ. ಪಕ್ಕದ ಕೋಣೆಯಲ್ಲೇ ಯಾರೋ ಗಿಟಾರ್ ಹಿಡಿದು ಕೂತಂತಿರುತ್ತದೆ.