ಹಾರ್ಮೋನಿಯಂ ಮೊದಲೋ, ಗುರುಗಳು ಮೊದಲೋ?

ಪ್ರಶ್ನೆ: ನಾನು ನಮ್ಮೂರಿನ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸದಸ್ಯ. ಆರರಿಂದ ಎಂಟನೇ ತರಗತಿಯವರೆಗೆ 112 ಮಕ್ಕಳಿದ್ದಾರೆ. ಹಳೆಯ ವಿದ್ಯಾರ್ಥಿಗಳು ಕೊಟ್ಟ ಹಣದಲ್ಲಿ ಹಾರ್ಮೋನಿಯಂ, ತಬಲ ತರಿಸೋಣವೆಂದು ನಾನು ಹೇಳಿದರೆ, "ಗಣಿತ, ಇಂಗ್ಲಿಷೇ ಸರಿಯಾಗಿ ಬರುತ್ತಿಲ್ಲ, ಹಾಡಿಗೇಕೆ ದುಡ್ಡು?" ಎಂದು ಉಳಿದವರು ಕೇಳುತ್ತಾರೆ. ಅವರಿಗೆ ಏನು ಉತ್ತರ ಕೊಡಲಿ?
– ಓದುಗರು, ತುಮಕೂರು ಜಿಲ್ಲೆ

ಉತ್ತರ: ಸಂಗೀತ ಕಲಿತರೆ ಗಣಿತದ ಅಂಕ ಹೆಚ್ಚುತ್ತದೆ ಎಂಬ ವಾದವನ್ನು ದಯವಿಟ್ಟು ಮುಂದಿಡಬೇಡಿ. ಅಂಕ ಹೆಚ್ಚದ ವರ್ಷ ಸಂಗೀತದ ತರಗತಿಯೇ ನಿಂತುಹೋಗುತ್ತದೆ. ಪಟ್ಟಣದಲ್ಲಿ ಶುಲ್ಕ ಕಟ್ಟಬಲ್ಲ ತಂದೆ-ತಾಯಿ ಮಗುವನ್ನು ಸಂಜೆಯ ಸಂಗೀತ ಪಾಠಕ್ಕೆ ಕಳುಹಿಸಿ ಜೂನಿಯರ್, ಸೀನಿಯರ್ ಪರೀಕ್ಷೆ ಕಟ್ಟಿಸುತ್ತಾರೆ. ಕೂಲಿಗೆ ಹೋಗುವವರ ಮಗುವಿಗೆ ಶ್ರುತಿ ಎಂದರೇನೆಂದು ಯಾರಾದರೂ ಕೂರಿಸಿಕೊಂಡು ಹೇಳಿಕೊಡಬಹುದಾದ ಜಾಗವೆಂದರೆ ಸರ್ಕಾರಿ ಶಾಲೆಯೊಂದೇ. ಅದಕ್ಕಾಗಿಯೇ ಈ ಖರ್ಚು ಸಾರ್ವಜನಿಕ ಹಣದಿಂದ ಆಗಬೇಕೆಂದು ನಾನು ಬಲವಾಗಿ ನಂಬಿದ್ದೇನೆ.

ಕಾನೂನೂ ನಿಮ್ಮ ಪರವಾಗಿದೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿಯ ಪ್ರಕಾರ, ಆರರಿಂದ ಎಂಟನೇ ತರಗತಿಯ ದಾಖಲಾತಿ 100 ಮೀರಿದ ಶಾಲೆಗೆ ಕಲಾ ಶಿಕ್ಷಣ, ದೈಹಿಕ ಶಿಕ್ಷಣ ಮತ್ತು ಕಾರ್ಯಶಿಕ್ಷಣಕ್ಕೆ ಅರೆಕಾಲಿಕ ಬೋಧಕರು ಇರಬೇಕು. ನಿಮ್ಮ ಶಾಲೆ ಆ ಮಿತಿಯನ್ನು ದಾಟಿದೆ. ಅದೇ ಕಾಯ್ದೆಯ 22ನೇ ಕಲಂ ಶಾಲಾಭಿವೃದ್ಧಿ ಯೋಜನೆಯನ್ನು ಸಮಿತಿಯೇ ಸಿದ್ಧಪಡಿಸಬೇಕೆನ್ನುತ್ತದೆ. ಈ ಬೇಡಿಕೆಯನ್ನು ಅದರಲ್ಲಿ ಬರೆದು, ಠರಾವು ಮಾಡಿ, ಕ್ಷೇತ್ರ ಶಿಕ್ಷಣಾಧಿಕಾರಿಗಳಿಗೆ ಕಳುಹಿಸಿ, ಸ್ವೀಕೃತಿ ಪಡೆದುಕೊಳ್ಳಿ.

ಆದರೆ ವಾದ್ಯವನ್ನು ಮೊದಲು ಕೊಳ್ಳಬೇಡಿ. ಒಂದು ಶಾಲೆಯಲ್ಲಿ ಬೀರು ತೆಗೆಸಿ ನೋಡಿದ್ದೆ: ದಾನಿಗಳ ಹೆಸರು ಬರೆಸಿದ್ದ ಹಾರ್ಮೋನಿಯಂನ ತಿದಿಯನ್ನು ಇಲಿ ಕಡಿದಿತ್ತು, ತಬಲದ ಚರ್ಮ ಸಡಿಲಗೊಂಡು ಬೆರಳಿಟ್ಟರೆ ಹಲಗೆ ತಟ್ಟಿದಂತೆ ಸದ್ದು ಬರುತ್ತಿತ್ತು. ಕಲಿಸುವವರಿಲ್ಲದೆ ಅವು ವರ್ಷಗಟ್ಟಲೆ ಹಾಗೆಯೇ ಕುಳಿತಿದ್ದವು. ಇಲಾಖೆಯಿಂದ ಬೋಧಕರು ಬರುವತನಕ ಈ ಹಣದಿಂದ ಗೌರವಧನ ಕೊಟ್ಟು, ವಾರಕ್ಕೆ ಎರಡು ಅವಧಿಯಾದರೂ ವರ್ಷವಿಡೀ ಬರುವ ಒಬ್ಬರನ್ನು ಗೊತ್ತುಮಾಡಿ. ನಿಮ್ಮ ಸುತ್ತಿನ ಊರುಗಳಲ್ಲೇ ತತ್ವಪದ ಹಾಡುವವರೋ ಮೂಡಲಪಾಯ ಬಯಲಾಟದಲ್ಲಿ ಹಾಡುವ ಭಾಗವತರೋ ಸಿಗಬಹುದು. ಉಡುಪಿಯಲ್ಲಿ ಯಕ್ಷಶಿಕ್ಷಣ ಟ್ರಸ್ಟ್ ಪ್ರೌಢಶಾಲೆಗಳಿಗೆ ಯಕ್ಷಗಾನದ ಗುರುಗಳನ್ನೇ ಕಳುಹಿಸಿ ಹೆಜ್ಜೆ, ತಾಳ, ಮಾತುಗಾರಿಕೆ ಕಲಿಸುತ್ತಿದೆ. ತಿಂಗಳುಗಟ್ಟಲೆ ಅಭ್ಯಾಸವಾದ ಮೇಲೆ ಮಕ್ಕಳೇ ವೇಷ ಕಟ್ಟಿ ಪ್ರಸಂಗ ಆಡುತ್ತಾರೆ.

ವಾರ್ಷಿಕೋತ್ಸವದ ಬಾಡಿಗೆ ಉಡುಪು ಮತ್ತು ಧ್ವನಿವರ್ಧಕದ ಖರ್ಚನ್ನು ಮಾತ್ರ ಕಲಾ ಶಿಕ್ಷಣದ ಲೆಕ್ಕಕ್ಕೆ ಬರೆಯಬೇಡಿ. ಧ್ವನಿಮುದ್ರಿತ ಹಾಡಿಗೆ ಹತ್ತು ಮಕ್ಕಳು ಕುಣಿದಾಗ ಉಳಿದ ನೂರು ಮಕ್ಕಳು ನೋಡುಗರಾಗಿಯೇ ಉಳಿಯುತ್ತಾರೆ. ಪ್ರತಿಭಾ ಕಾರಂಜಿಗೂ ಇದೇ ಮಾತು ಅನ್ವಯಿಸುತ್ತದೆ: ಸ್ಪರ್ಧೆ ಒಳ್ಳೆಯದೇ, ಆದರೆ ಅಲ್ಲಿಗೆ ಹೋಗುವುದು ಮೊದಲೇ ಹಾಡಬಲ್ಲ ಮಗು. ಗುರುಗಳು ಗೊತ್ತಾದ ಮೇಲೆ ಯಾವ ವಾದ್ಯ ಬೇಕೆಂದು ಅವರನ್ನೇ ಕೇಳಿ, ಅದರ ವಾರ್ಷಿಕ ರಿಪೇರಿಗೂ ಸ್ವಲ್ಪ ಹಣ ತೆಗೆದಿರಿಸಿ.